ಮೂರು ಮಳೆಗಾಲ, ಒಂದೇ ಚಾಕು

ವಿಕ್ಟೋರಿನಾಕ್ಸ್ ಫಾರ್ಮರ್ ನನ್ನ ಹದಿನೈದನೆಯ ಜೇಬುಚಾಕು. ಹಿಂದಿನ ಹದಿನಾಲ್ಕರಲ್ಲಿ ಒಂದೂ ಈಗ ಮನೆಯಲ್ಲಿಲ್ಲ. ಆರು ವರ್ಷ ನಡೆದದ್ದು ಇಷ್ಟೇ: ಒಂದನ್ನು ಕೊಂಡೆ, ಕೆಲವು ತಿಂಗಳು ಜೇಬಿನಲ್ಲಿಟ್ಟೆ, ಇನ್ನೊಂದು ಕಣ್ಣಿಗೆ ಬಿತ್ತು, ಇದ್ದದ್ದನ್ನು ಯಾರಿಗೋ ಕೊಟ್ಟು ಮೇಲಿಷ್ಟು ಹಣ ಸೇರಿಸಿ ಅದನ್ನು ತಂದೆ. ಲೆಕ್ಕ ಬರೆದಿಟ್ಟಿದ್ದೇನೆ. ಕೊಳ್ಳಲು ಹೋದದ್ದು 58,000 ರೂಪಾಯಿ, ಮಾರಿದಾಗ ಕೈಗೆ ಬಂದದ್ದು 31,000. ಉಳಿದ 27,000 ಬರೀ ಬದಲಾಯಿಸುವುದಕ್ಕೇ ಹೋಯಿತು. ಒಂದು ಬೇಸಿಗೆಯ ಹನಿ ನೀರಾವರಿ ರಿಪೇರಿ ಅದರಲ್ಲಿ ಮುಗಿಯುತ್ತಿತ್ತು.

ಫಾರ್ಮರ್ ಎಂದರೆ ಅಲಗು, ಗರಗಸ, ತೂತು ಕೊರೆಯುವ ಮೊನೆ, ಸ್ಕ್ರೂಡ್ರೈವರ್ ಎಲ್ಲ ಒಂದೇ ಹಿಡಿಯೊಳಗೆ ಮಡಚುವ ಚಾಕು. ಅದರ ಉದ್ದ, ತೂಕ ಎಲ್ಲ ನಿಮಗೆ ಬೇರೆಡೆ ಓದಲು ಸಿಗುತ್ತದೆ. ಮೂರು ವರ್ಷ ಹದಿನಾರನೆಯದನ್ನು ಕೊಳ್ಳದೆ ನಾನು ಉಳಿದದ್ದು ಹೇಗೆ, ಅದರಲ್ಲಿ ಈ ಚಾಕುವಿನ ಪಾಲೆಷ್ಟು ಎನ್ನುವುದನ್ನು ಬರೆಯಬೇಕೆಂದು ಕೂತಿದ್ದೇನೆ.

ನಮ್ಮದು ಶಿರಸಿ ಸೀಮೆಯ ಎರಡೂವರೆ ಎಕರೆ ಅಡಿಕೆ ತೋಟ. ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುವೆ ಬಾಳೆ, ಮನೆಯ ಪಕ್ಕದಲ್ಲಿ ಅಪ್ಪೆಮಿಡಿಯ (ಉಪ್ಪಿನಕಾಯಿಯ ಮಾವು) ಒಂದಿಷ್ಟು ಕಸಿ ಗಿಡ. ಚಾಕು ದಿನಾ ಬೇಕು. ಅದಕ್ಕೇ ಪ್ರತಿ ಸಲ ಕೊಳ್ಳುವಾಗಲೂ ಮನಸ್ಸು ‘ಇದು ಕೆಲಸಕ್ಕೆ’ ಎಂದು ಒಪ್ಪಿಕೊಳ್ಳುತ್ತಿತ್ತು. ಆದರೆ ನಾನು ಹುಡುಕುತ್ತಿದ್ದದ್ದು ಕೆಲಸವನ್ನಲ್ಲ, ಉಕ್ಕಿನ ಹೆಸರುಗಳನ್ನು. ಡಿ2 ಎಂದರು, ತಂದೆ. ಅದರಲ್ಲಿ ಶೇ 12ರ ಆಸುಪಾಸು ಕ್ರೋಮಿಯಂ ಇದ್ದರೂ ಅದರ ದೊಡ್ಡ ಭಾಗ ಇಂಗಾಲದ ಜೊತೆ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಆಷಾಢದ ಜಡಿಮಳೆಯಲ್ಲಿ ವಾರದೊಳಗೆ ಅಲಗಿನ ಮೇಲೆ ಕಂದು ಚುಕ್ಕಿ ಬಂತು. ಎಂ390 ಎಂದರು, ಅದೂ ಬಂತು. ಆರು ತಿಂಗಳು ಮೊಂಡಾಗಲಿಲ್ಲ. ಮೊಂಡಾದ ಮೇಲೆ ನನ್ನ ಮಸೆಗಲ್ಲು ಅದರ ಮೇಲೆ ಜಾರಿತೇ ಹೊರತು ಕಚ್ಚಲಿಲ್ಲ. ಅದಕ್ಕೆ ವಜ್ರದ ಪುಡಿ ಕೂರಿಸಿದ ಕಲ್ಲೇ ಬೇಕು ಎಂದು ಗೊತ್ತಾದಾಗ ಕಲ್ಲು ಕೊಳ್ಳುವ ಬದಲು ಚಾಕುವನ್ನೇ ಬದಲಾಯಿಸಿದೆ.

ಇವುಗಳ ನಡುವೆ ಮರದ ಹಿಡಿಯ ಒಂದು ಕಾರ್ಬನ್ ಉಕ್ಕಿನ ಚಾಕು ಇತ್ತು. ಅಡಿಕೆ ಬೇಯಿಸುವ ಕಾಲದಲ್ಲಿ ಅದರ ಅಲಗು ಚೊಗರು (ಅಡಿಕೆ ಬೇಯಿಸಿದ ನೀರು) ತಾಗಿ ಮೂರೇ ದಿನದಲ್ಲಿ ಕಪ್ಪಾಯಿತು. ಹಾಳಾಯಿತೆಂದು ಕೊಟ್ಟುಬಿಟ್ಟೆ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುವುದು ಸಹಜ, ಹಿಂದಿನ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ದೂರವೇ ಇಡುತ್ತದೆ. ಇನ್ನೊಂದು ಸುಗ್ಗಿ ಇಟ್ಟುಕೊಂಡಿದ್ದರೆ ಇದೆಲ್ಲ ನನಗೇ ತಿಳಿಯುತ್ತಿತ್ತು. ಹದಿನಾಲ್ಕರಲ್ಲಿ ಅದೊಂದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬದಲಾವಣೆ ನಿಂತದ್ದು ಒಂದು ಗಾಯದಿಂದ. ಮೂರು ತಿಂಗಳು ಲಾಕು ಇರುವ ಚಾಕು ಬಳಸಿದ್ದೆ. ತೆರೆದ ಅಲಗು ಖಟ್ಟೆಂದು ನಿಲ್ಲುತ್ತಿತ್ತು, ಎಷ್ಟು ಒತ್ತಿದರೂ ಮಡಚುತ್ತಿರಲಿಲ್ಲ. ಅದನ್ನು ಕೊಟ್ಟು ಲಾಕಿಲ್ಲದ, ಬರೀ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವ ಒಂದನ್ನು ತಂದಿದ್ದೆ. ಜನವರಿ, ಕೊನೆಕೊಯ್ಲಿನ (ಅಡಿಕೆಗೊನೆ ಇಳಿಸುವ) ಗಡಿಬಿಡಿ, ಗೋಣಿಚೀಲದ ಬಾಯಿಗೆ ತೂತು ಮಾಡಬೇಕಿತ್ತು. ಕೈಗೆ ಹಳೆಯ ಚಾಕುವಿನ ನೆನಪು. ಮೊನೆ ಊರಿ ಒತ್ತಿದೆ, ಅಲಗು ಮಡಚಿ ತೋರುಬೆರಳಿನ ಮೇಲೆ ಬಂತು. ನಾಲ್ಕು ಹೊಲಿಗೆ ಬಿತ್ತು. ಆ ಚಾಕುವಿನದು ಏನೂ ತಪ್ಪಿರಲಿಲ್ಲ, ಲಾಕಿಲ್ಲದ ಚಾಕು ಹಾಗೆಯೇ ಇರುವುದು. ನನ್ನ ಕೈಗೆ ಯಾವ ಚಾಕುವೂ ಪರಿಚಯವಾಗಿರಲಿಲ್ಲ.

ಮರ ಹತ್ತಿ ಅಡಿಕೆಗೊನೆ ಕೊಯ್ಯುವ ಕೊನೆಗೌಡ ಅದೇ ವಾರ ನನ್ನ ಬೆರಳಿನ ಪಟ್ಟಿ ನೋಡಿ ಕೇಳಿದ, “ಹೆಗಡೇರೇ, ನಿಮ್ಮ ಕೈಯಾಗಿನ ಚಾಕು ವರ್ಷಾ ಬೇರೆ ಇರ್ತದಲ್ರಾ? ನಂಗೆ ಕತ್ತಿ ಬದ್ಲಾದ್ರೆ ಮರದ ಮೇಲೆ ಕೈ ನಡುಗ್ತದೆ.” ಅವನ ಕತ್ತಿಯ ಅಲಗು ಮಸೆದು ಮಸೆದು ಅರ್ಧಕ್ಕೆ ಬಂದಿದೆ. ಐವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ತೂಗಿ ದಾಟುತ್ತಾ ಕೊನೆ ಇಳಿಸುವ ಮನುಷ್ಯ ಹೇಳಿದ ಮಾತು. ಅವತ್ತೇ ತೀರ್ಮಾನ ಮಾಡಿದೆ: ಇನ್ನೊಂದೇ ಒಂದು, ಆಮೇಲೆ ಮೂರು ವರ್ಷ ಏನಿಲ್ಲ.

ಫಾರ್ಮರ್ ಆರಿಸಿದ್ದಕ್ಕೆ ದೊಡ್ಡ ಕಾರಣವಿಲ್ಲ. ಗರಗಸ ಬೇಕಿತ್ತು, ತುಕ್ಕು ಬೇಡವಿತ್ತು, ಐದು ಸಾವಿರ ದಾಟಬಾರದಿತ್ತು. ತುಕ್ಕಿನ ವಿಷಯ ಆ ಕಂಪನಿಯ ಹೆಸರಿನಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1909ರಲ್ಲಿ ತೀರಿಕೊಂಡ ತನ್ನ ತಾಯಿ ವಿಕ್ಟೋರಿಯಾಳ ಹೆಸರನ್ನು ಚಾಕುಗಳಿಗೆ ಇಟ್ಟ. 1921ರಲ್ಲಿ ತುಕ್ಕುಹಿಡಿಯದ ಉಕ್ಕು ಬಳಕೆಗೆ ಬಂದಾಗ ಅದರ ಫ್ರೆಂಚ್ ಹೆಸರಿನ ತುಂಡು ‘ಇನಾಕ್ಸ್’ ಅದಕ್ಕೆ ಸೇರಿತು. ಮೂರು ಮಳೆಗಾಲ ಒದ್ದೆ ಜೇಬಿನಲ್ಲಿ, ಕಂಬಳಿಕೊಪ್ಪೆಯ ಕೆಳಗೆ, ಕೆಲವೊಮ್ಮೆ ಇಡೀ ರಾತ್ರಿ ಜಗುಲಿಯ ಕಟ್ಟೆಯ ಮೇಲೆ ಕಳೆದಿದೆ. ಒಂದು ಚುಕ್ಕಿ ಇಲ್ಲ.

ಮೊದಲ ನಾಲ್ಕು ತಿಂಗಳು ಇದು ನನಗೆ ಹಿಡಿಸಲಿಲ್ಲ ಎನ್ನುವುದನ್ನೂ ಹೇಳಬೇಕು. ಬೆರಳಲ್ಲಿ ಚಿಮ್ಮಿಸಿ ತೆರೆಯುವ ಸುಖವಿಲ್ಲ, ಉಗುರು ಸಿಕ್ಕಿಸಿ ಎರಡು ಕೈಯಲ್ಲಿ ತೆರೆಯಬೇಕು. ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು, ನಾನು 60, 61 ಎಂಬ ಅಂಕಿ ನೋಡಿ ಅಭ್ಯಾಸವಾದವನು. ವಾರಕ್ಕೊಮ್ಮೆ ಮೊನಚು ಇಳಿಯುತ್ತಿತ್ತು. ಐದನೇ ತಿಂಗಳು ಬದಲಾಯಿಸುವ ಮಾತುಕತೆ ಶುರುವಾಗಿಯೇ ಬಿಟ್ಟಿತ್ತು, ಪುಣೆಯವರೊಬ್ಬರ ಜೊತೆ. ಬೆರಳಿನ ಗಾಯದ ಗುರುತು ನೋಡಿಕೊಂಡು ಬೇಡವೆಂದೆ.

ಅಲ್ಲಿಂದ ಮುಂದೆ ಭಾನುವಾರ ಸಂಜೆ ಮಸೆಯುವುದು ಶುರುವಾಯಿತು. ಈ ಚಾಕು ನನಗೆ ಕೊಟ್ಟ, ನಾನು ಎಣಿಸಿರದ ಸಂತೋಷ ಇದೇ.

ಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡುತ್ತೇನೆ. ಕಲ್ಲಿನ ಕಣದ ಅಂಕಿ ಒಂದು ಬದಿ 1000, ಇನ್ನೊಂದು ನುಣುಪು ಬದಿ 4000. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಕಲ್ಲು ಜಾರುವುದಿಲ್ಲ. ಕೋನ ಸಿಗದವರಿಗೆ ಒಂದು ಉಪಾಯ: ಒಂದು ರೂಪಾಯಿಯ ಮೂರು ನಾಣ್ಯ ಒಂದರ ಮೇಲೊಂದಿಟ್ಟು ಅದರ ಮೇಲೆ ಚಾಕುವಿನ ಬೆನ್ನು ಒರಗಿಸಿ, ಅಂಚು ಕಲ್ಲಿಗೆ ತಾಗಲಿ. ಸುಮಾರು 20 ಡಿಗ್ರಿ ಆಗುತ್ತದೆ. ಆ ಎತ್ತರವನ್ನು ಮಣಿಕಟ್ಟು ನೆನಪಿಟ್ಟುಕೊಂಡ ಮೇಲೆ ನಾಣ್ಯ ತೆಗೆದುಬಿಡಿ. ಬುಡದಿಂದ ಮೊನೆಯವರೆಗೆ ಒಂದೇ ಸಮ ಎಳೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಅಂಚಿನ ಆಚೆ ಬದಿಯಲ್ಲಿ ಬೆರಳಿಗೆ ತರಿತರಿಯಾಗಿ ಉಕ್ಕಿನ ಸಣ್ಣ ಎಳೆ ಸಿಗುತ್ತದೆ. ಅದು ಬುಡದಿಂದ ತುದಿಯವರೆಗೂ ಸಿಗುವ ತನಕ ಬದಿ ತಿರುಗಿಸಬಾರದು. ಇಷ್ಟು ಸಣ್ಣ ಸಂಗತಿ ಆರು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ, ಯಾಕೆಂದರೆ ಮೊಂಡಾಗುವ ಹೊತ್ತಿಗೆ ಚಾಕುವೇ ಬೇರೆಯವರ ಕೈಯಲ್ಲಿರುತ್ತಿತ್ತು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹತ್ತು ಸಲ ಹಿಂದಕ್ಕೆ ಎಳೆಯುವುದು. ಮೃದು ಉಕ್ಕೆಂದು ದೂರಿದ್ದೆನಲ್ಲ, ಅದೇ ಮೃದುತನದಿಂದ ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

ಪರೀಕ್ಷೆಗೆ ನಾನು ಕಾಗದ ಕತ್ತರಿಸುವುದಿಲ್ಲ. ಅಂಗಳದ ಬಾಳೆಯ ಎಲೆಯನ್ನು ಗಿಡದಲ್ಲೇ ಬಿಟ್ಟು ನರಕ್ಕೆ ಅಡ್ಡಲಾಗಿ ಎಳೆಯುತ್ತೇನೆ. ಬಾಳೆಲೆ ನರದ ಗುಂಟ ಹರಿಯಲು ಕಾಯುತ್ತಿರುತ್ತದೆ. ಮೊನಚು ಸ್ವಲ್ಪ ಕಡಿಮೆಯಿದ್ದರೂ ಸರ್ರನೆ ಪಕ್ಕಕ್ಕೆ ಸೀಳುತ್ತದೆ. ಸರಿಯಾಗಿ ಮಸೆದಿದ್ದರೆ ಸದ್ದೇ ಇಲ್ಲದೆ ಗೆರೆ ಎಳೆದಂತೆ ಬೇರೆಯಾಗುತ್ತದೆ. ಆ ಎಲೆ ರಾತ್ರಿ ಊಟಕ್ಕೆ.

ಇದರ ನಿಜವಾದ ಫಲ ಕಂಡದ್ದು ಕಸಿಯಲ್ಲಿ. ಜೂನ್ ಜುಲೈಯಲ್ಲಿ ಅಪ್ಪೆಮಿಡಿಗೆ ಕಸಿ ಕಟ್ಟುತ್ತೇನೆ. ಬೇರುಗಿಡದ ತುದಿ ಸವರಿ ನಡುವೆ ಸೀಳಬೇಕು, ಕಸಿಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಬೆಣೆಯಂತೆ ಕೆತ್ತಬೇಕು. ಆ ಕೆತ್ತು ಒಂದೇ ಎಳೆತಕ್ಕೆ ನುಣುಪಾಗಿ ಬರಬೇಕು. ಎರಡನೇ ಸಲ ಸವರಿದರೆ ಮೇಲ್ಮೈ ಅಲೆಅಲೆಯಾಗುತ್ತದೆ, ಸಿಪ್ಪೆಯೊಳಗಿನ ಹಸಿರು ಪದರಕ್ಕೆ ಹಸಿರು ಪದರ ತಾಗುವುದಿಲ್ಲ, ಕಡ್ಡಿ ಒಣಗುತ್ತದೆ. ಕಸಿಗೆಂದೇ ಇರುವ ಚಾಕುವಿನ ಅಲಗು ಒಂದು ಬದಿಗೆ ಮಾತ್ರ ಇಳಿಜಾರು, ಇದರದ್ದು ಎರಡೂ ಬದಿಗೆ. ಹಾಗಾಗಿ ಹಿಡಿಯುವ ಓರೆಯನ್ನು ಕೈಯೇ ಕಲಿಯಬೇಕು. ಪ್ರತಿ ವರ್ಷ ನಲವತ್ತು ಗಿಡಕ್ಕೆ ಕಟ್ಟುತ್ತೇನೆ. ಮೊದಲ ವರ್ಷ ಚಿಗುರಿದ್ದು 22, ಎರಡನೇ ವರ್ಷ 29, ಹೋದ ವರ್ಷ 33. ಮಳೆ, ಕಡ್ಡಿಯ ಹದ, ಪ್ಲಾಸ್ಟಿಕ್ ಸುತ್ತುವ ಬಿಗಿ ಎಲ್ಲದರದ್ದೂ ಪಾಲಿದೆ ನಿಜ. ಆದರೂ ಬ್ರೆಜಿಲಿಯನ್ ಹಿಪ್ಪಲಿ ಬುಡಕ್ಕೆ ಕಾಳುಮೆಣಸಿನ ಕಸಿ ಕಟ್ಟುವಾಗಲೂ ಇದೇ ಕಾಣುತ್ತಿದೆ (ಆ ಹಿಪ್ಪಲಿಯ ಬೇರು ಸೊರಗು ರೋಗ ತಡೆದುಕೊಳ್ಳುತ್ತದೆ, ಅದಕ್ಕೆ ಈ ಕಷ್ಟ). ಅಲಗು ಎಲ್ಲಿ ನಿಲ್ಲುತ್ತದೆ ಎನ್ನುವುದು ಈಗ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಗರಗಸ ಹೆಬ್ಬೆರಳು ಗಾತ್ರದ ಗೊಬ್ಬರದ ಗಿಡದ ಗೂಟಕ್ಕೆ, ಬಿದಿರಿಗೆ ಸಾಕು, ಅದಕ್ಕಿಂತ ದಪ್ಪಕ್ಕೆ ಬೇಡ. ತೂತು ಕೊರೆಯುವ ಮೊನೆಗೆ ದಬ್ಬಣದಂತೆ ಕಣ್ಣಿಲ್ಲ, ಆದರೆ ಹನಿ ನೀರಾವರಿ ಪೈಪಿಗೂ ಗೋಣಿಗೂ ಅದನ್ನೇ ತಿರುಗಿಸಿ ತಿರುಗಿಸಿ ಬಳಸುತ್ತೇನೆ, ಅಲಗನ್ನು ಒತ್ತಿ ತೂತು ಮಾಡುವ ಕೆಲಸ ಅವತ್ತಿಗೇ ಮುಗಿಯಿತು. 1891ರಲ್ಲಿ ಎಲ್ಸೆನರ್ ಸ್ವಿಸ್ ಸೈನಿಕರಿಗೆ ತನ್ನ ಮೊದಲ ಚಾಕುಗಳನ್ನು ಕೊಟ್ಟಾಗ ಅದರಲ್ಲಿ ಸ್ಕ್ರೂಡ್ರೈವರ್ ಇದ್ದದ್ದು 1889ರ ಮಾದರಿಯ ಬಂದೂಕು ಬಿಚ್ಚಿ ಜೋಡಿಸಲು. ನನ್ನಲ್ಲಿ ಅದರ ಕೆಲಸ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯದು. ಹಲಸು ಬಿಡಿಸುವ ಮುನ್ನ ಅಲಗಿಗೂ ಸಂದಿಗೂ ಕೊಬ್ಬರಿ ಎಣ್ಣೆ ಸವರಿ, ಇಲ್ಲದಿದ್ದರೆ ಮೇಣ ಒಳಗೆ ಕೂತು ಬಿಸಿನೀರಿನಲ್ಲಿ ಅರ್ಧ ಗಂಟೆ ಆಡಿಸಬೇಕಾಗುತ್ತದೆ. ವಿಮಾನದಲ್ಲಿ ಹೋಗುವವರು ಕೈಚೀಲದಿಂದ ತೆಗೆದು ದೊಡ್ಡ ಚೀಲಕ್ಕೆ ಹಾಕುವುದನ್ನು ಹಿಂದಿನ ರಾತ್ರಿಯೇ ಮಾಡಿ.

ಕೊಳ್ಳುವ ಆಸೆ ಹೋಯಿತೇ ಎಂದರೆ, ಹೋಗಿಲ್ಲ. ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹೊಸ ಚಾಕು ಬೇಕೆನಿಸಿದ ದಿನ ತಾರೀಕು, ಚಾಕುವಿನ ಹೆಸರು, ಅದರ ಮುಂದೆ ಒಂದು ಪ್ರಶ್ನೆಗೆ ಉತ್ತರ: ಇದಿಲ್ಲದೆ ಇವತ್ತು ಯಾವ ಕೆಲಸ ನಿಂತಿತು? ಬರೆದ ಮೇಲೆ ಇರುವುದನ್ನು ಮಸೆಯಬೇಕು, ಭಾನುವಾರ ಅಲ್ಲದಿದ್ದರೂ. ಮೂರು ವರ್ಷದಲ್ಲಿ 26 ಸಲ ಬರೆದಿದ್ದೇನೆ. 23 ಕಡೆ ಉತ್ತರ ‘ಯಾವುದೂ ಇಲ್ಲ’. ಒಂದು ಕಡೆ ‘ಕತ್ತರಿ ಇರಬೇಕಿತ್ತು’. ಎರಡು ಕಡೆ ‘ಏಣಿಯ ಮೇಲಿದ್ದೆ, ಒಂದೇ ಕೈಯಲ್ಲಿ ತೆರೆಯಬೇಕಿತ್ತು’. ಕತ್ತರಿಯನ್ನು ಔಷಧಿ ಡಬ್ಬಿಯಲ್ಲಿಟ್ಟೆ. ಏಣಿ ಹತ್ತುವಾಗ ಈಗ ಕುಡುಗೋಲು ಒಯ್ಯುತ್ತೇನೆ.

ತಾರೀಕುಗಳನ್ನು ಒಟ್ಟಿಗೆ ನೋಡಿದ ದಿನ ನನಗೆ ಇನ್ನೊಂದು ಕಂಡಿತು. 26ರಲ್ಲಿ 17 ಜುಲೈ ಆಗಸ್ಟಿನವು. ತೋಟಕ್ಕೆ ಇಳಿಯಲಾಗದ ಮಳೆ, ಕರೆಂಟಿಲ್ಲ, ಕೊಳೆರೋಗದ ಚಿಂತೆ, ಕೈಯಲ್ಲಿ ಮೊಬೈಲು. ಕಸಿ ಬಿಟ್ಟರೆ ಚಾಕುವಿನ ಕೆಲಸ ಅತಿ ಕಡಿಮೆ ಇರುವ ತಿಂಗಳುಗಳಲ್ಲೇ ಚಾಕು ಬೇಕೆನಿಸುತ್ತಿತ್ತು. ಕೊನೆಕೊಯ್ಲಿನ ಎರಡು ತಿಂಗಳಲ್ಲಿ ಒಂದು ನಮೂದೂ ಇಲ್ಲ. ಇದು ತಿಳಿದ ಮೇಲೆ ಆ ತಿಂಗಳುಗಳಿಗೆ ಬೇರೆ ಕೆಲಸ ಹುಡುಕಿದೆ. ಮನೆಯ ಈಳಿಗೆಮಣೆ, ಮೆಟ್ಟುಗತ್ತಿ, ಅಡಕತ್ತರಿ ಎಲ್ಲ ಈಗ ಆಷಾಢದಲ್ಲಿ ನನ್ನ ಕಲ್ಲಿಗೆ ಬರುತ್ತವೆ. ಆಯಿ ಅಕ್ಕಪಕ್ಕದ ಮನೆಯವರಿಗೂ ಹೇಳಿದ್ದಾಳೆ, ಅವರದ್ದೂ ಬರುತ್ತವೆ.

ಯಾರು ಕೊಳ್ಳಬಾರದು? ಏಣಿ, ಮರದ ಮೇಲೆ ಒಂದು ಕೈಯಲ್ಲಿ ಕೆಲಸ ಮಾಡುವವರು. ಮಸೆಯಲು ಮನಸ್ಸಿಲ್ಲದವರು. ಈಗಾಗಲೇ ಒಂದು ಒಳ್ಳೆಯ ಚಾಕು ಜೇಬಿನಲ್ಲಿರುವವರು. ಮೂರನೆಯವರಿಗೆ ನನ್ನ ಬಿನ್ನಹ: ಆ ಹಣದಲ್ಲಿ ಒಂದು ಕಲ್ಲು ತನ್ನಿ.

ಹೇಳಿದ ಮೂರು ವರ್ಷ ಈ ಜನವರಿಗೆ ತುಂಬಿತು. ಬೆಳ್ಳಿಬಣ್ಣದ ಹಿಡಿಯ ಚೌಕುಳಿ ಅಂಗೈ ತಾಗುವಲ್ಲಿ ನುಣುಪಾಗಿದೆ, ಅಲಗು ಹೊಟ್ಟೆಯ ಕಡೆ ಕೂದಲೆಳೆಯಷ್ಟು ಸವೆದಿದೆ. ಕೊಯ್ಲಿನ ಕೊನೆಯ ದಿನ ಕೊನೆಗೌಡ ಹಗ್ಗದ ತುದಿ ಕತ್ತರಿಸಲು ಕೈ ಚಾಚಿದ. ಕೊಟ್ಟೆ. ಮಡಚುವ ಮೊದಲು ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ಹೋದ ವರ್ಷದ್ದೇ ಅಲ್ರಾ” ಎಂದ. ಹೌದೆಂದೆ.