ಬಾಂದುಕಲ್ಲಿನಾಚೆಯ ಊರು: ‘ದಿ ಶೇರಿಂಗ್ ನೈಫ್: ಲೆಗಸಿ’

ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ ‘ದಿ ಶೇರಿಂಗ್ ನೈಫ್’ ಎಂಬ ಈ ಫ್ಯಾಂಟಸಿ ಸರಣಿಯಲ್ಲಿ ನಾಲ್ಕು ಕಾದಂಬರಿಗಳಿವೆ. 2006ರಿಂದ 2009ರವರೆಗೆ ವರ್ಷಕ್ಕೊಂದರಂತೆ ಬಂದವು. ‘ಲೆಗಸಿ’ ಎರಡನೆಯದು. ಮೊದಲನೆಯದನ್ನು ಓದದೆ ಇದನ್ನು ಹಿಡಿಯಬೇಡಿ.

ಕತೆಯಲ್ಲಿ ಎರಡು ಬಗೆಯ ಜನ. ಒಂದು ಕಡೆ ಬೇಸಾಯಗಾರರು, ಇನ್ನೊಂದು ಕಡೆ ಕೆರೆ ದಂಡೆಯಲ್ಲಿ ಬಿಡಾರ ಹೂಡಿ ಗಸ್ತು ತಿರುಗುವ ಲೇಕ್‌ವಾಕರ್‌ಗಳು. ನೆಲದೊಳಗಿಂದ ‘ಮ್ಯಾಲಿಸ್’ ಎಂಬ ಪೀಡೆ ಮೊಳೆತರೆ ಸುತ್ತಲಿನ ಜೀವವನ್ನೆಲ್ಲ ಹೀರಿಬಿಡುತ್ತದೆ, ಮಣ್ಣು ಕೂಡ ಬೂದಿಯಂತಾಗುತ್ತದೆ. ಅದಕ್ಕೆ ತಾನಾಗಿ ಸಾವಿಲ್ಲ. ಲೇಕ್‌ವಾಕರ್ ಒಬ್ಬರು ಮೂಳೆಯ ಚೂರಿಯನ್ನು ತಮ್ಮ ಎದೆಗೇ ಇಳಿಸಿಕೊಂಡು ಅದರಲ್ಲಿ ತಮ್ಮ ಸಾವನ್ನು ತುಂಬಿಟ್ಟು ಹೋಗಬೇಕು. ಆ ಚೂರಿಯಿಂದ ತಿವಿದರೆ ಮಾತ್ರ ಪೀಡೆ ಸಾಯುತ್ತದೆ. ಮೂಳೆ ಕಂಡ ಬೇಸಾಯಗಾರರು ಇವರನ್ನು ಹೆಣ ತಿನ್ನುವವರೆಂದು ನಂಬಿದ್ದಾರೆ. ಹಾಗಲ್ಲ ಎಂದು ಬಿಡಿಸಿ ಹೇಳಲು ಲೇಕ್‌ವಾಕರ್‌ಗಳಿಗೆ ಮನಸ್ಸಿಲ್ಲ.

ಗಸ್ತಿನ ಡ್ಯಾಗ್ ಬೇಸಾಯಗಾರರ ಹುಡುಗಿ ಫಾನ್‌ಳನ್ನು ಮದುವೆಯಾಗಿ ಬಿಡಾರಕ್ಕೆ ಕರೆತರುತ್ತಾನೆ. ಅವರಿಬ್ಬರೂ ಕಟ್ಟಿಕೊಂಡ ಮದುವೆಯ ಹುರಿಯನ್ನು ಅತ್ತೆ ಹುರಿಯೆಂದೇ ಒಪ್ಪುವುದಿಲ್ಲ. ಅವನಿಗೆ 55, ಅವಳಿಗೆ 18. ಈ ಅಂತರ ನನಗೆ ಕೊನೆವರೆಗೂ ಒಗ್ಗಲಿಲ್ಲ. ಬಿಡಾರದ ಪಂಚಾಯ್ತಿಯೂ ಎಳೆದಂತಾಗಿದೆ. ಆದರೂ ಗ್ರೀನ್‌ಸ್ಪ್ರಿಂಗ್‌ಗಾಗಿ ಈ ಪುಸ್ತಕ ಓದಲೇಬೇಕು.

ಬೇಸಾಯಗಾರರು ಉತ್ತರಕ್ಕೆ ದಾಟಬಾರದೆಂದು ಒಂದು ಗೆರೆಯಿದೆ. ಗ್ರೀನ್‌ಸ್ಪ್ರಿಂಗ್ ಆ ಗೆರೆಯಾಚೆ ಎದ್ದ ಊರು. ಮ್ಯಾಲಿಸ್ ಹುಟ್ಟುವುದೂ ಅಲ್ಲೇ. ಬದುಕಿ ಉಳಿದವರು ಮಕ್ಕಳನ್ನು ಮಣ್ಣು ಮಾಡುವಲ್ಲಿಗೆ ಡ್ಯಾಗ್ ಹೋಗಿ ನಿಲ್ಲುತ್ತಾನೆ. ಗೆರೆ ದಾಟಿದವರನ್ನು ಬುಜೋಲ್ಡ್ ಕಳ್ಳರ ಹಾಗೆ ಬರೆದಿಲ್ಲ. ಉಳಲು ನೆಲ ಬೇಕಾಗಿದ್ದ ಸಂಸಾರಸ್ಥರು ಅವರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಗದ್ದೆ ಕಳೆದುಕೊಂಡು ಬಂದವರು ನಮ್ಮಜ್ಜ. ತೋರಿಸಿದ ಜಾಗದಲ್ಲೇ ಗುದ್ದಲಿ ಹಾಕಿದರು. ಆಮೇಲಿನ ಸರ್ವೆಯಲ್ಲಿ ಅರ್ಧ ತೋಟ ಗೆರೆಯಾಚೆ ಹೋಯಿತು, ಅಜ್ಜ ಒತ್ತುವರಿದಾರರಾದರು. ಹಿತ್ತಲ ತುದಿಯಲ್ಲಿ ಸುಣ್ಣ ಬಳಿದ ಬಾಂದುಕಲ್ಲು ಈಗಲೂ ಇದೆ. ಅದರ ಬುಡದಲ್ಲಿ ಕೆಸುವಿನ ಸೊಪ್ಪು ಕೊಯ್ಯುವ ಅಮ್ಮ ಆಚೆಗೆ ಕೈ ಚಾಚುವುದಿಲ್ಲ, ಆಚೆಯ ಎಲೆ ಎಷ್ಟೇ ಎಳೆಯದಿದ್ದರೂ.

ಕೊನೆ ಕೊಯ್ಲಿನ ರಾತ್ರಿಗಳಲ್ಲಿ ಅಡಿಕೆ ಸುಲಿಯುತ್ತ ಅಮ್ಮನಿಗೆ ಇಡೀ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಗ್ರೀನ್‌ಸ್ಪ್ರಿಂಗ್ ಬಂದಾಗ ಮೆಟ್ಟುಗತ್ತಿಯ ಮೇಲಿನ ಕೈ ನಿಂತಿತು. “ಗೆರೆ ಯಾಕೆ ಹಾಕಿದ್ರು ಅಂತ ಆ ಜನಕ್ಕೆ ಯಾರೂ ಹೇಳ್ಲೇ ಇಲ್ವೇನೇ?”

ಡ್ಯಾಗ್‌ನನ್ನು ಬಿಡಾರದಿಂದ ಹೊರಡಿಸುವುದೂ ಇದೇ ಪ್ರಶ್ನೆ. ಮೂರನೆಯ ಪುಸ್ತಕಕ್ಕೆ ನಾಳೆಯೇ ಆರ್ಡರ್ ಹಾಕುತ್ತೇನೆ, ಅಮ್ಮ ಕಾಯುತ್ತಿದ್ದಾರೆ.