ಹಳೇ ಝಿಯಾನೋ, ಹೊಸ ರೈಜೆನ್ ಲ್ಯಾಪ್‌ಟಾಪೋ: ಗಣಿ ಸರ್ವೆ ಕೆಲ್ಸಕ್ಕೆ ಎರಡನ್ನೂ ಓಡಿಸಿ ನೋಡಿದ್ದು

ಬಳ್ಳಾರಿಯಲ್ಲಿ ನಮ್ದೊಂದು ಸಣ್ಣ ಸರ್ವೆ ಆಫೀಸು. ಸಂಡೂರು ಕಡೆ ಗಣಿಗಳ ಮೇಲೆ ಡ್ರೋನ್ ಹಾರಿಸಿ ಫೋಟೊ ತರೋದು, ಅದರಿಂದ ಮ್ಯಾಪು, ಕಾಂಟೂರು (ಒಂದೇ ಎತ್ತರದ ಜಾಗ ಸೇರಿಸೋ ಗೆರೆ), ಅದಿರು ರಾಶಿಯ ವಾಲ್ಯೂಮು ತೆಗೆದು ಕೊಡೋದು, ಇಷ್ಟೇ ಕೆಲ್ಸ. 2021ರ ನವೆಂಬರಲ್ಲಿ ಗಣಿ ನಿಯಮ ತಿದ್ದುಪಡಿ ಆದ್ಮೇಲೆ 50 ಹೆಕ್ಟೇರ್ ಇಲ್ಲಾ ಅದಕ್ಕಿಂತ ದೊಡ್ಡ ಲೀಸಿನೋರು, ಇಲ್ಲಾ ವರ್ಷಕ್ಕೆ 10 ಲಕ್ಷ ಟನ್ ಅಥ್ವಾ ಅದಕ್ಕಿಂತ ಜಾಸ್ತಿ ತೋಡೋ ಪ್ಲಾನ್ ಇರೋರು ವರ್ಷಾ ವರ್ಷ ಡ್ರೋನ್ ಚಿತ್ರ ಕೊಡ್ಲೇಬೇಕು, ಅದೂ ಲೀಸಿನ ಒಳಗಷ್ಟೇ ಅಲ್ಲ, ಗಡಿಯಾಚೆ 100 ಮೀಟರ್ ತನಕ. ಹಂಗಾಗಿ ಫೋಟೊ ರಾಶಿ ಬೀಳೋದು ಜಾಸ್ತಿ ಆಯ್ತು, ಕಂಪ್ಯೂಟರ್ ಮುಂದೆ ಕೂತು ಕಾಯೋದೂ ಜಾಸ್ತಿ ಆಯ್ತು.

ಈಗ ನಮ್ಮ ಹತ್ರ ಇರೋದು ಎರಡು. ಒಂದು ಸೆಕೆಂಡ್ ಹ್ಯಾಂಡ್ ಎಚ್‌ಪಿ ಝಡ್440 ವರ್ಕ್‌ಸ್ಟೇಷನ್, ಒಳಗೆ ಇಂಟೆಲ್ ಝಿಯಾನ್ ಇ5-2680 ವಿ4 ಪ್ರೊಸೆಸರ್, 2016ರದ್ದು, 14 ಕೋರು (ಲೆಕ್ಕ ಮಾಡೋ ಘಟಕ), 28 ಥ್ರೆಡ್ಡು (ಒಟ್ಟಿಗೆ ಓಡಿಸಬಲ್ಲ ಕೆಲ್ಸದ ಎಳೆ), 120 ವ್ಯಾಟ್. ಇನ್ನೊಂದು ರೈಜೆನ್ 7 5800ಎಚ್ ಇರೋ ಲ್ಯಾಪ್‌ಟಾಪು, 2021ರ ಚಿಪ್ಪು, 8 ಕೋರು 16 ಥ್ರೆಡ್ಡು, ಕಾಗದದ ಮೇಲೆ 45 ವ್ಯಾಟ್. ಝಿಯಾನಿನ ಬೇಸ್ ಸ್ಪೀಡು 2.4 ಗಿಗಾಹರ್ಟ್ಸ್, ಹೆಚ್ಚಂದ್ರೆ 3.3. ರೈಜೆನ್ ಬೇಸೇ 3.2, ಮೇಲಕ್ಕೆ 4.4. ಬರೇ ಕೋರ್ ಎಣಿಸೋರು ಝಿಯಾನ್ ಅಂತಾರೆ, ಬರೇ ಗಿಗಾಹರ್ಟ್ಸ್ ನೋಡೋರು ರೈಜೆನ್ ಅಂತಾರೆ. ನಾನು ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಪೂರ್ತಿ ಹೊರಗಿಟ್ಟು ಡ್ರೋನ್ ಫೋಟೊದಿಂದ ಮ್ಯಾಪ್ ಕಟ್ಟೋ ವೆಬ್‌ಒಡಿಎಂ ಅನ್ನೋ ಸಾಫ್ಟ್‌ವೇರಲ್ಲಿ ಸಿಪಿಯು (ಪ್ರೊಸೆಸರ್) ಮೇಲೇ, ಅದೇ ಫೋಟೊ, ಅದೇ ಸೆಟ್ಟಿಂಗು ಹಾಕಿ ಎರಡರಲ್ಲೂ ಓಡಿಸ್ದೆ.

ಮೊದ್ಲು ಒಂದು ಸಣ್ಣ ರಾಶಿ, ಸ್ಟಾಕ್‌ಯಾರ್ಡಿಂದು, ಫೋಟೊ ನೂರರ ಒಳಗೆ. ಇದ್ರಲ್ಲಿ ಲ್ಯಾಪ್‌ಟಾಪು ಗೆಲ್ತು, ಅದೂ ಸುಮಾರು ಅಂತರದಲ್ಲೇ ಗೆಲ್ತು. ಯಾಕೆ ಅಂತ ಪರದೆ ಮೇಲೆ ಕೋರುಗಳ ಗ್ರಾಫ್ ಇಟ್ಕೊಂಡು ಕೂತ್ರೆ ಗೊತ್ತಾಗ್ತೈತೆ. ಫೋಟೊದಿಂದ ಗುರುತಿನ ಬಿಂದು ಹೆಕ್ಕೋ ಹಂತದಲ್ಲಿ ಝಿಯಾನಿನ 28 ಥ್ರೆಡ್ಡೂ ತುಂಬ್ಕೊಂಡು ಓಡ್ತಾವೆ, ನೋಡೋಕೆ ಖುಷಿ. ಅದಾದ್ಮೇಲೆ ಕ್ಯಾಮೆರಾ ಎಲ್ಲೆಲ್ಲಿತ್ತು ಅಂತ ಒಂದೊಂದೇ ಫೋಟೊ ಸೇರಿಸ್ಕೊಂತ ಕಟ್ಟೋ ಹಂತ ಬರ್ತೈತಲ್ಲ, ಅಲ್ಲಿ ಹೆಚ್ಚೂಕಮ್ಮಿ ಒಂದೇ ಥ್ರೆಡ್ಡು ದುಡಿಯೋದು, ಉಳಿದ 27 ಸುಮ್ನೆ ಕೂತಿರ್ತಾವೆ, ಆಗ 4.4ಕ್ಕೆ ಜಿಗಿಯೋ ರೈಜೆನ್ ಮುಂದೆ 3.3ರ ಝಿಯಾನ್ ಏನೂ ಮಾಡಂಗಿಲ್ಲ. ಇದು ಗಿಗಾಹರ್ಟ್ಸ್ ಮಾತಷ್ಟೇ ಅಲ್ಲ, ರೈಜೆನ್ನಿನ ಝೆನ್ 3 ಅನ್ನೋ ಡಿಸೈನು ಒಂದೊಂದು ಸೈಕಲ್ಲಿಗೆ ಮಾಡೋ ಕೆಲ್ಸವೇ ಝಿಯಾನಿನ ಹಳೇ ಬ್ರಾಡ್‌ವೆಲ್ ಡಿಸೈನಿಗಿಂತ ಜಾಸ್ತಿ. ಆಟೋಕ್ಯಾಡಲ್ಲಿ ಕಾಂಟೂರು ತಿದ್ದುವಾಗ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಲೇಯರ್ ಎಳೆದಾಡುವಾಗ್ಲೂ ಇದೇ ಕತೆ, ಲ್ಯಾಪ್‌ಟಾಪು ಕೈ ಹಿಂದೇನೇ ಬರ್ತೈತೆ, ಝಿಯಾನ್ ಒಂದು ಕ್ಷಣ ಯೋಚ್ನೆ ಮಾಡಿ ಆಮೇಲೆ ಬರ್ತೈತೆ. ದಿನಾ ಎಂಟು ತಾಸು ಡ್ರಾಯಿಂಗ್ ಮಾಡೋ ಹುಡುಗ್ರಿಗೆ ಆ ಕ್ಷಣ ಸಣ್ಣದೇನಲ್ಲ.

ದೊಡ್ಡ ಕೆಲ್ಸಕ್ಕೆ ಬಂದಾಗ ಲೆಕ್ಕ ತಿರುಗ್ತು.

ಏಪ್ರಿಲ್ ಮಧ್ಯಾಹ್ನ, ಹೊರಗೆ 41 ಡಿಗ್ರಿ, ಆಫೀಸಲ್ಲಿ ಎ.ಸಿ. ಇಲ್ಲ, ಫ್ಯಾನು ಬಿಸಿ ಗಾಳಿನೇ ತಿರುವಿ ತಿರುವಿ ಬಡೀತೈತೆ. ಐನೂರರ ಹತ್ರ ಫೋಟೊ ಹಾಕಿದೆ. ಲ್ಯಾಪ್‌ಟಾಪು ಶುರುವಿನಲ್ಲಿ ಎಲ್ಲಾ ಕೋರು ನಾಲ್ಕರ ಆಸುಪಾಸು ಓಡಿಸ್ತು, ಸ್ವಲ್ಪ ಹೊತ್ತಿಗೆ ಟೆಂಪರೇಚರ್ ತೊಂಬತ್ತು ದಾಟ್ತು, ಫ್ಯಾನು ಕಿರುಚೋಕೆ ಹತ್ತಿತು, ಆಮೇಲೆ ಸ್ಪೀಡು ಇಳ್ಕೊಂತ ಇಳ್ಕೊಂತ ಬಂದು ಬೇಸ್ ಸ್ಪೀಡಿನ ಹತ್ರ ನಿಂತ್ಕೊಂತು. ಈ ಚಿಪ್ಪು 105 ಡಿಗ್ರಿ ತನಕ ತಡ್ಕೊಳ್ತೈತೆ ಅಂತ ಎಎಂಡಿಯೋರು ಬರೆದಿರೋದು ನಿಜ, ಕೆಡೋದಿಲ್ಲ, ಆದ್ರೆ ತಾನು ಬದುಕೋಕೆ ಸ್ಪೀಡು ಬಿಟ್ಕೊಡ್ತೈತೆ. ಕೀಬೋರ್ಡಿನ ಮೇಲಿನ ಸಾಲು ಮುಟ್ಟೋಕೆ ಆಗ್ತಿರ್ಲಿಲ್ಲ. ಝಿಯಾನ್ ಎಲ್ಲಾ ಕೋರು ದುಡಿವಾಗ 2.9ರ ಸುತ್ತ ಹಿಡಿದಿದ್ದು ಕೊನೇ ತನಕ ಅಲ್ಲೇ ಇತ್ತು, ತೋರಣಗಲ್ಲಿಗೆ ಅದಿರು ಹೊತ್ಕೊಂಡು ಹೋಗೋ ಗೂಡ್ಸ್ ಗಾಡಿ ಥರ, ಜೋರೂ ಇಲ್ಲ, ನಿಲ್ಲೋದೂ ಇಲ್ಲ. ಬಾಕ್ಸಿನ ಒಳಗೆ ದೊಡ್ಡ ಹೀಟ್‌ಸಿಂಕು, ಗಾಳಿ ಆಡೋಕೆ ಜಾಗ, ಅಷ್ಟೇ ಗುಟ್ಟು. ಈ ಕೆಲ್ಸದಲ್ಲಿ ಝಿಯಾನ್ ಮೊದ್ಲು ಮುಗಿಸ್ತು. ಇದೇ ಫೋಟೊ ಡಿಸೆಂಬರ್ ರಾತ್ರಿ ಹಾಕಿದ್ರೆ ಇಬ್ರೂ ಹೆಚ್ಚೂಕಮ್ಮಿ ಜೊತೆಗೇ ಮುಗಿಸ್ತಾರೆ. ಯೂಟ್ಯೂಬಲ್ಲಿ ಎ.ಸಿ. ರೂಮಲ್ಲಿ ಕೂತು ಹತ್ತು ನಿಮಿಷ ಟೆಸ್ಟ್ ಮಾಡಿದ ಸ್ಕೋರು ನೋಡಿ ನಮ್ಮೂರಲ್ಲಿ ಲ್ಯಾಪ್‌ಟಾಪು ತಗೊಳ್ಳೋರು ಇದೊಂದು ಲೆಕ್ಕಕ್ಕೆ ಇಟ್ಕೊಳ್ರಿ.

ಇನ್ನೂ ದೊಡ್ಡದು, ಸಾವಿರ ದಾಟಿದ ಫೋಟೊ. ಇಲ್ಲಿ ಪ್ರೊಸೆಸರ್ ಮಾತೇ ಬರ್ಲಿಲ್ಲ, ರ್‍ಯಾಮ್ ಮಾತು ಬಂತು. ಲ್ಯಾಪ್‌ಟಾಪಲ್ಲಿ 32 ಜಿಬಿ ಇತ್ತು, ಪಾಯಿಂಟ್ ಕ್ಲೌಡ್ (ನೆಲದ ಲಕ್ಷಾಂತರ 3ಡಿ ಬಿಂದು) ಕಟ್ಟೋ ಹಂತಕ್ಕೆ ಹೋಗಿ 137 ಅನ್ನೋ ಕೋಡ್ ಕೊಟ್ಟು ಸತ್ತೋಯ್ತು, ಅಂದ್ರೆ ಮೆಮೊರಿ ಸಾಲ್ದೇ ಸಿಸ್ಟಮ್ಮೇ ಕತ್ತು ಹಿಚುಕಿತು ಅಂತ. ವೆಬ್‌ಒಡಿಎಂ ಒಳಗೆ ಓಡೋ ಒಡಿಎಂ ಮಾಡಿದೋರೇ ಕೊಟ್ಟಿರೋ ಅಂದಾಜು ಹಂಗೇ ಐತೆ, 32 ಜಿಬಿಗೆ ಐನೂರು ಫೋಟೊ, 64ಕ್ಕೆ ಸಾವಿರದೈನೂರು. ತುಂಡು ಮಾಡಿ ಓಡಿಸೋ ಸ್ಪ್ಲಿಟ್ ಆಪ್ಷನ್ ಐತೆ, ಆದ್ರೆ ಟೈಮ್ ಜಾಸ್ತಿ, ತುಂಡು ಕೂಡೋ ಕಡೆ ಎತ್ತರ ಸರಿ ಕೂತೈತಾ ಅಂತ ಮತ್ತೆ ಚೆಕ್ ಮಾಡ್ಬೇಕು, ಅದಿರಿನ ಟನ್ ಲೆಕ್ಕದಲ್ಲಿ ಆ ಅನುಮಾನ ಇಟ್ಕೊಂಡು ಸಹಿ ಹಾಕೋಕೆ ನನಗೆ ಮನಸ್ಸಿಲ್ಲ. ಲ್ಯಾಪ್‌ಟಾಪಿಗೂ 64 ಹಾಕಬಹುದು, ಇರೋ ಎರಡು ಸ್ಲಾಟಿಗೆ 32 ಜಿಬಿಯ ಎರಡು ರ್‍ಯಾಮ್ ಕಡ್ಡಿ, ಅಲ್ಲಿಗೆ ಮುಗೀತು. ಝಡ್440ಯಲ್ಲಿ ಎಂಟು ಸ್ಲಾಟು, ನಾಲ್ಕರಲ್ಲಿ 16ರ ಕಡ್ಡಿ ಹಾಕಿ 64 ಮಾಡೀನಿ, ಇನ್ನೂ ನಾಲ್ಕು ಖಾಲಿ ಅದಾವೆ. ರ್‍ಯಾಮಿಂದ ಪ್ರೊಸೆಸರಿಗೆ ಡೇಟಾ ಹರಿಯೋ ನಾಲ್ಕು ಚಾನೆಲ್ಲೂ ಒಟ್ಟಿಗೆ ಓಡೋದ್ರಿಂದ ಕೋರುಗಳಿಗೆ ಡೇಟಾ ಕಾಯೋದೂ ಕಡಿಮೆ, ಮೇಲಿಂದ ಇದು ಇಸಿಸಿ ಮೆಮೊರಿ, ಒಂದು ಬಿಟ್ ಎಡವಿದ್ರೆ ತಾನೇ ಸರಿ ಮಾಡ್ಕೊಂತೈತೆ. ರಾತ್ರಿ ಊಟಕ್ಕೆ ಎದ್ದು ಹೋಗುವಾಗ ಹಚ್ಚಿ ಹೋದ್ರೆ ಬೆಳಿಗ್ಗೆ ಒಗ್ಗಾಣಿ ಮಿರ್ಚಿ ತಿಂದು ಬರೋಷ್ಟೊತ್ತಿಗೆ ಮ್ಯಾಪು ರೆಡಿ ಇರ್ತೈತೆ.

ಕರೆಂಟಿನ ವಿಷ್ಯದಲ್ಲಿ ಝಿಯಾನಿಗೆ ಪಾಸ್ ಮಾರ್ಕೂ ಕೊಡಲ್ಲ. ಪ್ಲಗ್ಗಿನ ಮೀಟರಲ್ಲಿ ನೋಡಿದ್ರೆ ಪೂರ್ತಿ ಲೋಡಲ್ಲಿ ಇನ್ನೂರು ವ್ಯಾಟಿನ ಹತ್ರ ಎಳೀತೈತೆ, ಐದು ತಾಸಿಗೆ ಒಂದು ಯೂನಿಟ್. ಲ್ಯಾಪ್‌ಟಾಪು ಅದರ ಅರ್ಧಾನೂ ಎಳಿಯಲ್ಲ. ಕರೆಂಟ್ ಹೋದಾಗ ಲ್ಯಾಪ್‌ಟಾಪು ಸ್ಪೀಡು ಇಳಿಸ್ಕೊಂಡು ಬ್ಯಾಟ್ರಿ ಮೇಲೆ ಉಸಿರಾಡ್ತೈತೆ, ವರ್ಕ್‌ಸ್ಟೇಷನ್ನಿಗೆ ಸಾದಾ ಯುಪಿಎಸ್ ಇಟ್ರೆ ಕೆಲವೇ ನಿಮಿಷ, ಅಷ್ಟರಲ್ಲಿ ಬಂದ್ ಮಾಡ್ಬೇಕು ಅಷ್ಟೇ. ಆಫೀಸಿನ ಇನ್ವರ್ಟರಿಗೆ ಅದನ್ನ ಬೇರೆ ಲೈನ್ ಎಳೆದು ಸೇರಿಸೋ ತನಕ ರಾತ್ರಿ ಕೆಲ್ಸ ನಂಬೋ ಹಂಗಿರ್ಲಿಲ್ಲ.

ಧೂಳಿನ ವಿಷ್ಯದಲ್ಲಿ ಮತ್ತೆ ವರ್ಕ್‌ಸ್ಟೇಷನ್ನೇ ಮುಂದೆ. ಸಂಡೂರಿಂದ ಬಂದ ಬ್ಯಾಗಲ್ಲಿ, ಬಟ್ಟೇಲಿ, ಎಲ್ಲಾದ್ರಲ್ಲೂ ಕೆಂಪು ಪುಡಿ. ವರ್ಕ್‌ಸ್ಟೇಷನ್ನಿನ ಪಕ್ಕದ ಬಾಗಿಲು ಹಿಡಿಕೆ ಎಳೆದ್ರೆ ಬಿಚ್ಕೊಂತೈತೆ, ಬ್ಲೋವರ್ ಹಿಡಿದು ಊದಿದ್ರೆ ಆಯ್ತು. ಲ್ಯಾಪ್‌ಟಾಪಿನ ತಳ ಬಿಚ್ಚಿ ನೋಡ್ದಾಗ ತಾಮ್ರದ ರೆಕ್ಕೆಗಳ ಮಧ್ಯೆ ಕೆಂಪು ಪದರ ಚಾಪೆ ಥರ ಕೂತಿತ್ತು, ಅದನ್ನ ತೆಗೆದ್ಮೇಲೆ ಟೆಂಪರೇಚರ್ ಎದ್ದು ಕಾಣೋ ಹಂಗೆ ಇಳೀತು. ಮೇಲೆ ಹೇಳಿದ ಏಪ್ರಿಲ್ ಟೆಸ್ಟು ಧೂಳು ತೆಗೆದ ಮೇಲಿನದ್ದೇ ಮತ್ತೆ, ಅದಕ್ಕೆ ಅನ್ಯಾಯ ಮಾಡಿಲ್ಲ.

ವಿಂಡೋಸ್ ಒಂದು ತಲೆನೋವು. ಈ ಝಿಯಾನಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು. ನಾನು ಉಬುಂಟು ಹಾಕೀನಿ, ವೆಬ್‌ಒಡಿಎಂಗೆ ಅದೇ ಚಲೋ. ಆಟೋಕ್ಯಾಡ್ ಅದ್ರಲ್ಲಿ ಓಡಲ್ಲ, ಹಂಗಾಗಿ ಡ್ರಾಯಿಂಗ್ ಪೂರ್ತಿ ಲ್ಯಾಪ್‌ಟಾಪಿಗೆ ಹೋತು, ಫೋಟೊ ಅರೆಯೋ ಕೆಲ್ಸ ಪೂರ್ತಿ ಝಿಯಾನಿಗೆ, ನಡುವೆ ಒಂದು ಲ್ಯಾನ್ ಕೇಬಲ್ಲು.

ಒಂದೇ ತಗೊಳ್ಳೋರು, ಸೈಟಿಗೆ ಓಡಾಡೋರು ಆದ್ರೆ ಲ್ಯಾಪ್‌ಟಾಪೇ ತಗೊಳ್ರಿ, ಐನೂರು ಫೋಟೊ ಒಳಗಿನ ಕೆಲ್ಸಕ್ಕೆ ಧಾರಾಳ ಸಾಕು. ಅದಕ್ಕೂ ಮೇಲಿನ ಕೆಲ್ಸ ತಿಂಗ್ಳು ತಿಂಗ್ಳು ಬರೋದಾದ್ರೆ ಹಳೇ ಝಿಯಾನ್ ಬಿಡಬ್ಯಾಡ್ರಿ, ನನಗೆ ರ್‍ಯಾಮ್ ಸಮೇತ ಲ್ಯಾಪ್‌ಟಾಪಿನ ಅರ್ಧ ರೊಕ್ಕಾನೂ ಬೀಳ್ಲಿಲ್ಲ. ಕಡ್ಡಿ ತಗೊಳ್ಳುವಾಗ ಮಾತ್ರ ಅದರ ಲೇಬಲ್ ಓದ್ರಿ. ಪಿಸಿ4-2400ಟಿ ಅಂತ ಇದ್ದು ಮುಂದಿನ ಅಕ್ಷರ ಆರ್ ಇದ್ರೆ ರಿಜಿಸ್ಟರ್ಡ್, ಅಂದ್ರೆ ಸರ್ವರ್-ವರ್ಕ್‌ಸ್ಟೇಷನ್ ಜಾತಿಯ ಕಡ್ಡಿ, ಝಡ್440ಗೆ ಬೇಕಾಗಿರೋದು ಅದೇ. ಯು ಇದ್ರೆ ಮನೆ ಕಂಪ್ಯೂಟರಿಂದು, ಅಂಗಡಿಯೋರು ಎರಡೂ ಒಂದೇ ಅಣ್ಣ ಅಂದ್ರೂ ತಗೋಬ್ಯಾಡ್ರಿ.