ದಪ್ಪ ಬ್ಯಾಟರಿ ಕೇಬಲ್‌ಗೆ ಲಗ್: ಕ್ರಿಂಪೋ, ಸಾಲ್ಡರಿಂಗೋ?

ಕಾರಿನ 25 ಅಥವಾ 35 ಚದರ ಮಿ.ಮೀ. ಕೇಬಲ್‌ಗೆ ಲಗ್ (ಬೋಲ್ಟ್‌ಗೆ ಸಿಕ್ಕಿಸುವ, ತೂತಿರುವ ಲೋಹದ ತುದಿ) ಕೂರಿಸಬೇಕೇ? ಮೊದಲು ಕೈಯಲ್ಲಿರುವ ಸಾಧನ ನೋಡಿಕೊಳ್ಳಿ. ಸರಿಯಾದ ಅಳತೆಯ ಡೈ (ಒತ್ತುವ ಅಚ್ಚು) ಇರುವ ಹೈಡ್ರಾಲಿಕ್ ಕ್ರಿಂಪರ್ ಇದ್ದರೆ ಕ್ರಿಂಪ್, ಅಂದರೆ ಲಗ್ಗನ್ನು ಕೇಬಲ್ ಮೇಲೆ ಒತ್ತಿ ಬಿಗಿಯುವ ಕೆಲಸ, ನಿಮಿಷದ್ದು. ಸುತ್ತಿಗೆಯಿಂದ ಜಜ್ಜಿದ ಕ್ರಿಂಪನ್ನು ನಾನಂತೂ ನಂಬುವುದಿಲ್ಲ. ಎಳೆಗಳ ನಡುವೆ ಸಂದು ಉಳಿದು ಕಿಲುಬು ಕಟ್ಟುತ್ತದೆ.

ಸಾಲ್ಡರಿಂಗ್‌ಗೆ, ಅಂದರೆ ಕರಗಿಸಿದ ಲೋಹದ (ಸಾಲ್ಡರ್) ಬೆಸುಗೆಗೆ, ಖರ್ಚು ಕಡಿಮೆ. ಆದರೆ ದಪ್ಪ ತಾಮ್ರ ಶಾಖವನ್ನೆಲ್ಲ ಹೀರುವುದರಿಂದ ಸಣ್ಣ ಐರನ್ ಸಾಲದು, ಗ್ಯಾಸ್ ಟಾರ್ಚ್ ಬೇಕು. ನಿಜವಾದ ತೊಂದರೆ ಬಾಳಿಕೆಯಲ್ಲಿದೆ: ಕರಗಿದ ಸಾಲ್ಡರ್ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ. ಎಂಜಿನ್ ಅದುರಿದಂತೆಲ್ಲ ಆ ಗಡಸು ಭಾಗ ಮುಗಿಯುವಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹಾಗಾಗಿ ಸ್ಟಾರ್ಟರ್ ಕೇಬಲ್‌ಗೆ ಕ್ರಿಂಪೇ ಸರಿ. ಕ್ರಿಂಪರ್ ಸಿಗದಿದ್ದರೆ, ಕೇಬಲ್ ಅಲುಗದಂತೆ ಲಗ್ ಬಳಿಯೇ ಕ್ಲ್ಯಾಂಪ್ ಹಾಕಲು ಜಾಗವಿದ್ದರೆ, ಸಾಲ್ಡರಿಂಗ್ ನಡೆಯುತ್ತದೆ. ಆಸಿಡ್ ಫ್ಲಕ್ಸ್ (ಫ್ಲಕ್ಸ್ ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥ) ಮಾತ್ರ ಬೇಡ, ರೋಸಿನ್ ಫ್ಲಕ್ಸ್ ಬಳಸಿ.